ಹಿರಿಯರ ವಾರ್ಡಿನಲ್ಲಿ ಮೂತ್ರದ ಆರೈಕೆ: ಪೈಪ್ ಹಾಕುವ ಮುನ್ನ, ಹಾಕಿದ ಮೇಲೆ, ತೆಗೆದ ನಂತರ

ವಯಸ್ಸಾದವರು ಆಸ್ಪತ್ರೆಗೆ ಸೇರುವ ಕಾರಣ ನ್ಯುಮೋನಿಯಾ ಇರಬಹುದು, ಸೊಂಟದ ಮೂಳೆ ಮುರಿತ ಇರಬಹುದು, ಪಾರ್ಶ್ವವಾಯು ಇರಬಹುದು. ಯಾವುದೇ ಕಾಯಿಲೆಯಿಂದ ಬಂದಿದ್ದರೂ ಎರಡು ಮೂರು ದಿನಗಳಲ್ಲಿ ಮೂತ್ರದ ವಿಚಾರ ಮುಂದೆ ಬರುವುದು ಬಹಳ ಸಾಮಾನ್ಯ. ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ, ಕೆಲವರಿಗೆ ತಡೆದುಕೊಳ್ಳಲು ಆಗುವುದಿಲ್ಲ, ಇನ್ನು ಕೆಲವರು ಸಂಕೋಚದಿಂದ ಯಾರಿಗೂ ಹೇಳದೆ ನೀರು ಕುಡಿಯುವುದನ್ನೇ ಬಿಡುತ್ತಾರೆ. 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆಂದೇ 10 ಹಾಸಿಗೆಗಳ ವಾರ್ಡನ್ನು ರೂಪಿಸಿದೆ. ಅಂಥ ವಾರ್ಡುಗಳ ಪಕ್ಕದಲ್ಲಿ ಮೂತ್ರರೋಗ ತಜ್ಞರು ಯಾವಾಗಲೂ ಇರುವುದಿಲ್ಲವಾದ್ದರಿಂದ, ಹಾಸಿಗೆಯ ಬಳಿ ಇರುವ ಸಿಸ್ಟರ್ ಮತ್ತು ಮನೆಯವರ ಕಣ್ಣು ಗಮನಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗುತ್ತದೆ. ಇವರಿಬ್ಬರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರೋಗಿ ಸೇರಿದ ದಿನವೇ ಕೇಳಬೇಕಾದ ಪ್ರಶ್ನೆಗಳಿವೆ. ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರು, ರಾತ್ರಿ ಎಷ್ಟು ಸಲ ಏಳುತ್ತಿದ್ದರು, ಧಾರೆ ಸಣ್ಣಗಾಗಿತ್ತೇ, ಉರಿ ಇತ್ತೇ, ಬಟ್ಟೆ ಒದ್ದೆಯಾಗುತ್ತಿತ್ತೇ, ಹಿಂದೆ ಎಂದಾದರೂ ಮೂತ್ರ ಹೊರತೆಗೆಯುವ ಪೈಪ್ (ಕ್ಯಾಥೆಟರ್) ಹಾಕಿದ್ದರೇ ಎಂದು ವಿಚಾರಿಸಿ ಬರೆದಿಡಿ. ಹತ್ತು ಜನರ ಮುಂದೆ ಕೇಳಿದರೆ ಅಜ್ಜಿಯರು ಉತ್ತರ ಕೊಡುವುದಿಲ್ಲ; ಪರದೆ ಎಳೆದು, ಪಕ್ಕದಲ್ಲಿ ಕುಳಿತು, "ಅಮ್ಮ, ಒಂದಕ್ಕೆ ಹೋಗುವಾಗ ಏನಾದರೂ ತೊಂದರೆ ಇದೆಯಾ?" ಎಂದು ಮೆಲ್ಲನೆ ಕೇಳಿದರೆ ಹೇಳುತ್ತಾರೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಂದ ನೆಗಡಿ ಮಾತ್ರೆಗಳನ್ನೂ ಸೇರಿಸಿ, ತರಿಸಿಕೊಳ್ಳಿ. ನೆಗಡಿಯ ಕೆಲವು ಮಾತ್ರೆಗಳು, ನಿದ್ರೆಗೋ ನರನೋವಿಗೋ ಕೊಡುವ ಅಮಿಟ್ರಿಪ್ಟಿಲಿನ್, ಮಾರ್ಫಿನ್ ಜಾತಿಯ ನೋವಿನ ಔಷಧಿಗಳು ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಗಂಡಸರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಮಲಬದ್ಧತೆಯೂ ಅಷ್ಟೇ: ಗುದನಾಳ ತುಂಬಿ ಗಟ್ಟಿಯಾಗಿದ್ದರೆ ಮುಂದಿರುವ ಮೂತ್ರಮಾರ್ಗ ಒತ್ತಿಹೋಗುತ್ತದೆ. ಮೂರು ದಿನದಿಂದ ಎರಡಕ್ಕೆ ಹೋಗಿಲ್ಲ ಎಂಬ ಮಾತನ್ನು ಮೂತ್ರದ ದೂರಿನಷ್ಟೇ ಗಂಭೀರವಾಗಿ ಪರಿಗಣಿಸಿ.

ಎಂಬತ್ತರ ಸಮೀಪದ ತಾತ ಒಬ್ಬರು ರಾತ್ರಿ ಎರಡು ಗಂಟೆಗೆ ಹಾಸಿಗೆಯಿಂದ ಇಳಿಯಲು ಹೋರಾಡುತ್ತಾರೆ, ಹೊದಿಕೆ ಕಿತ್ತೆಸೆಯುತ್ತಾರೆ, ಮಗನನ್ನೇ ಗುರುತಿಸುವುದಿಲ್ಲ. ಡೈಪರ್ ಒದ್ದೆಯಾಗಿದೆ, ಹಾಗಾಗಿ ಮೂತ್ರ ಸರಿಯಾಗಿಯೇ ಹೋಗುತ್ತಿದೆ ಎಂದು ಎಲ್ಲರೂ ಭಾವಿಸಿದ್ದಾರೆ. ಅವರಿಗೆ ನಿದ್ರೆಯ ಇಂಜೆಕ್ಷನ್ ಕೇಳುವ ಮೊದಲು ಹೊಕ್ಕುಳಿನ ಕೆಳಗೆ ಅಂಗೈ ಇಟ್ಟು ನೋಡಬೇಕು. ಅಲ್ಲಿ ತೆಂಗಿನಕಾಯಿಯಂತೆ ದುಂಡಗೆ, ಬಿಗಿಯಾಗಿ ಕೈಗೆ ಸಿಕ್ಕರೆ, ಒತ್ತಿದಾಗ ಅವರು ಮುಖ ಕಿವುಚಿದರೆ, ಒಳಗೆ ಮೂತ್ರ ತುಂಬಿ ತುಳುಕಿ ಹನಿಹನಿಯಾಗಿ ಹೊರಬರುತ್ತಿದೆ ಎಂದು ಅರ್ಥ. ಸಾಮಾನ್ಯವಾಗಿ ಮೂತ್ರಕೋಶ 400ರಿಂದ 500 ಮಿಲಿ ಹಿಡಿಯುತ್ತದೆ. ಇಂಥವರಲ್ಲಿ ಪೈಪ್ ಹಾಕಿದ ಕೂಡಲೇ ಒಂದು ಲೀಟರಿನಷ್ಟು ಹರಿದು, ಅರ್ಧ ಗಂಟೆಯಲ್ಲಿ ತಾತ ನೆಮ್ಮದಿಯಾಗಿ ನಿದ್ದೆ ಹೋಗುವುದನ್ನು ನಾನು ಕಂಡಿದ್ದೇನೆ. ಹೀಗೆ ದೊಡ್ಡ ಪ್ರಮಾಣ ಹೊರಬಂದಾಗ ನಡುನಡುವೆ ಕ್ಲಾಂಪ್ ಹಾಕಿ ನಿಲ್ಲಿಸುವ ಹಳೆಯ ರೂಢಿಯಿಂದ ಲಾಭವಿಲ್ಲ. ಅದರ ಬದಲು ರಕ್ತದೊತ್ತಡ ನೋಡಿಕೊಳ್ಳಿ, ಪ್ರತಿ ಗಂಟೆಯ ಮೂತ್ರವನ್ನು ಅಳೆಯಿರಿ. ಗಂಟೆಗೆ 200 ಮಿಲಿಗಿಂತ ಹೆಚ್ಚು ಸತತವಾಗಿ ಹೋಗುತ್ತಿದ್ದರೆ ದೇಹದ ನೀರು ಮತ್ತು ಲವಣ ಇಳಿಯುವ ಅಪಾಯವಿರುವುದರಿಂದ ಡಾಕ್ಟರಿಗೆ ತಿಳಿಸಿ.

ಮೂತ್ರ ಪೂರ್ತಿ ಕಟ್ಟಿದಾಗ, ತೀವ್ರ ಅಸ್ವಸ್ಥರಲ್ಲಿ ಗಂಟೆಗಂಟೆಯ ಅಳತೆ ಬೇಕಾದಾಗ, ಕೆಲವು ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ, ಬೆನ್ನಿನ ಕೆಳಗೆ ಆಳವಾದ ಹಾಸಿಗೆ ಹುಣ್ಣಿಗೆ ಮೂತ್ರ ತಾಗುತ್ತಿರುವಾಗ, ಕೊನೆಯ ದಿನಗಳಲ್ಲಿ ರೋಗಿಗೆ ಹಿತವಾಗುವುದಾದರೆ, ಪೈಪ್ ನ್ಯಾಯವೇ. ಆದರೆ ಪದೇಪದೇ ಬಟ್ಟೆ ಬದಲಿಸುವುದು ಕಷ್ಟ, ರಾತ್ರಿ ಎಬ್ಬಿಸುವವರಿಲ್ಲ ಎಂಬ ಕಾರಣಕ್ಕೆ ಹಾಕುವ ಪೈಪನ್ನು ನಾನು ಒಪ್ಪುವುದಿಲ್ಲ, ಮನೆಯವರೂ ಒಪ್ಪಬಾರದು. ಪೈಪ್ ಒಳಗಿರುವ ಪ್ರತಿಯೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ. 3ರಿಂದ 7ರಷ್ಟು ಇರುತ್ತದೆ. ಒಂದು ತಿಂಗಳಾಗುವಷ್ಟರಲ್ಲಿ ಬಹುತೇಕ ಎಲ್ಲರಲ್ಲೂ ಸೇರಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪೈಪ್ ಇದ್ದವರು ಹಾಸಿಗೆ ಬಿಟ್ಟು ಏಳುವುದಿಲ್ಲ, ಎಂಟು ದಿನ ಏಳದ ಮುದುಕರ ಕಾಲು ಮತ್ತೆ ನಿಲ್ಲುವುದು ಕಷ್ಟ. ಆದ್ದರಿಂದ ಬೆಳಗಿನ ರೌಂಡ್ಸಿನಲ್ಲಿ "ಈ ಪೈಪ್ ಇವತ್ತೂ ಬೇಕೇ?" ಎಂದು ದಿನವೂ ಕೇಳಿ. ಇದನ್ನು ಕೇಳಲು ಮನೆಯವರು ಹಿಂಜರಿಯಬೇಕಾಗಿಲ್ಲ.

ಪೈಪ್ ಬೇಡವಾದರೆ ಏನು ಮಾಡಬೇಕು? ಮೂರು ದಿನ ಒಂದು ಹಾಳೆಯಲ್ಲಿ ಕುಡಿದ ನೀರು, ಹೋದ ಮೂತ್ರ, ಒದ್ದೆಯಾದ ಸಮಯ ಬರೆದರೆ ಆ ವ್ಯಕ್ತಿಯ ಲಯ ಗೊತ್ತಾಗುತ್ತದೆ. ಎರಡು ಗಂಟೆಗೊಮ್ಮೆ, ಅವರು ಕೇಳುವ ಮೊದಲೇ, ಕರೆದುಕೊಂಡು ಹೋಗಿ ಕೂರಿಸಿ. ಗಂಡಸರಿಗೆ ಆಗುವುದಾದರೆ ನಿಂತು ಹೋಗಲು ಆಸರೆ ಕೊಡಿ. ಮಲಗಿದಲ್ಲೇ ಪಾಟ್ ಕೊಟ್ಟರೆ ಹಲವರಿಗೆ ಬರುವುದೇ ಇಲ್ಲ. ಹೆಂಗಸರಿಗೆ ಬೆಡ್‌ಪ್ಯಾನಿಗಿಂತ ಹಾಸಿಗೆಯ ಪಕ್ಕದ ಕಮೋಡ್ ಕುರ್ಚಿ ಒಳ್ಳೆಯದು. ಒಮ್ಮೆ ಹೋದ ಮೇಲೆ ಒಂದೆರಡು ನಿಮಿಷ ಕೂತು ಮತ್ತೊಮ್ಮೆ ಪ್ರಯತ್ನಿಸಲು ಹೇಳಿದರೆ ಒಳಗೆ ಉಳಿಯುವ ಮೂತ್ರ ಕಡಿಮೆಯಾಗುತ್ತದೆ. ಮೂತ್ರ ಕಟ್ಟುವ ತೊಂದರೆ ಇಲ್ಲದೆ ತಡೆಯಲಾಗದ ಗಂಡಸರಿಗೆ ಹೊರಗಿನಿಂದ ಹಾಕುವ ಕಾಂಡೋಮ್ ಕ್ಯಾಥೆಟರ್ ಸಾಕಾಗಬಹುದು. ಅದನ್ನು ಬಿಗಿಯಾಗಿ ಪಟ್ಟಿ ಸುತ್ತಿ ಕಟ್ಟಬಾರದು, ದಿನವೂ ಬಿಚ್ಚಿ ಚರ್ಮ ನೋಡಬೇಕು.

ಪೈಪ್ ಹಾಕಲೇಬೇಕಾದಾಗ ಕ್ರಿಮಿಶುದ್ಧ ಕೈಗವಸು, ಸಾಕಷ್ಟು ಜೆಲ್ಲಿ, ಸಾಮಾನ್ಯವಾಗಿ 14 ಅಥವಾ 16ರ ಸೈಜು ಸಾಕು. ಮೂತ್ರ ಹರಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ, ಪೈಪ್ ಜಾರದಂತೆ ಅದರ ಒಳತುದಿಯಲ್ಲಿರುವ ಬಲೂನಿಗೆ ನೀರು ತುಂಬಬೇಕು, ಇಲ್ಲದಿದ್ದರೆ ಬಲೂನು ಮೂತ್ರನಾಳದಲ್ಲೇ ಉಬ್ಬಿ ನಾಳ ಸೀಳುತ್ತದೆ. ಗಂಡಸರಲ್ಲಿ ಹಿಂದಕ್ಕೆ ಸರಿಸಿದ ಮುಂದೊಗಲನ್ನು ಕೆಲಸ ಮುಗಿದ ಕೂಡಲೇ ಮುಂದಕ್ಕೆ ತರಲು ಮರೆಯಬೇಡಿ. ಮರೆತರೆ ಕೆಲವೇ ಗಂಟೆಗಳಲ್ಲಿ ತುದಿ ಬಾತುಕೊಂಡು ಅದೇ ಒಂದು ತುರ್ತುಸ್ಥಿತಿಯಾಗುತ್ತದೆ. ಪೈಪನ್ನು ತೊಡೆಗೆ ಅಂಟಿಸಿ. ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಮೂರನೇ ಎರಡು ಭಾಗ ತುಂಬುವ ಹೊತ್ತಿಗೆ ಖಾಲಿಯಾಗಲಿ, ಪೈಪಿಗೂ ಬ್ಯಾಗಿಗೂ ನಡುವಿನ ಜೋಡಣೆಯನ್ನು ವಿನಾಕಾರಣ ಬಿಚ್ಚದಿರಲಿ. ಸ್ಕ್ಯಾನಿಂಗಿಗೆ ಟ್ರಾಲಿಯಲ್ಲಿ ಕರೆದೊಯ್ಯುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ನಿಂತ ಮೂತ್ರ ಆ ಹತ್ತು ನಿಮಿಷದಲ್ಲಿ ಹಿಂದಕ್ಕೆ ಹರಿಯಬಹುದು. ದಿನಕ್ಕೆರಡು ಸಲ ಸೋಪು ನೀರಿನಿಂದ ಒರೆಸಿದರೆ ಸಾಕು, ಡೆಟಾಲ್ ಬೇಡ. ಗೊಂದಲದಲ್ಲಿ ಪೈಪ್ ಎಳೆಯುವವರ ಕೈ ಕಟ್ಟಬೇಡಿ. ಪೈಪನ್ನು ಪೈಜಾಮದೊಳಗೆ ಮರೆಮಾಡಿ, ಆದಷ್ಟು ಬೇಗ ತೆಗೆಸಿ.

ತೆಗೆಯುವುದು ಬೆಳಗಿನ ಜಾವ ಒಳ್ಳೆಯದು, ದಿನವಿಡೀ ಗಮನಿಸಲು ಸಮಯ ಸಿಗುತ್ತದೆ. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಎರಡು ಮೂರು ದಿನ ಮೊದಲೇ ಮೂತ್ರಮಾರ್ಗದ ಬಿಗಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಆರಂಭಿಸಿದರೆ ತಾವಾಗಿ ಮೂತ್ರ ಹೋಗುವ ಸಾಧ್ಯತೆ ಹೆಚ್ಚು. ಅದು ಎದ್ದು ನಿಂತಾಗ ಬಿ.ಪಿ. ಇಳಿಸುವುದರಿಂದ ಮೊದಲ ದಿನಗಳಲ್ಲಿ ಕೈ ಹಿಡಿದೇ ನಡೆಸಬೇಕು, ಕಣ್ಣಿನ ಪೊರೆ ಆಪರೇಷನ್ ಇದ್ದರೆ ಕಣ್ಣಿನ ಡಾಕ್ಟರಿಗೆ ಈ ಮಾತ್ರೆಯ ಬಗ್ಗೆ ಹೇಳಬೇಕು. ತೆಗೆದ ಆರು ಗಂಟೆಯೊಳಗೆ ಮೂತ್ರ ಹೋಗದಿದ್ದರೆ, ಅಥವಾ ಹೋದ ಮೇಲೂ ಸ್ಕ್ಯಾನಿನಲ್ಲಿ 300 ಮಿಲಿಗಿಂತ ಹೆಚ್ಚು ಉಳಿದಿದ್ದರೆ, ಕಾಯದೆ ತಿಳಿಸಿ.

ಮೂತ್ರ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೂತ್ರ ಮಬ್ಬಾಗಿದೆ, ವಾಸನೆ ಇದೆ ಎಂಬುದಕ್ಕಷ್ಟೇ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರೆ ವಯಸ್ಸಾದವರಲ್ಲಿ ಅನೇಕರಿಗೆ ಬ್ಯಾಕ್ಟೀರಿಯಾ ಕಾಣಿಸುತ್ತದೆ, ಆಂಟಿಬಯೋಟಿಕ್ ಆರಂಭವಾಗುತ್ತದೆ, ಆಮೇಲೆ ಭೇದಿ ಮತ್ತು ಔಷಧಿಗೆ ಬಗ್ಗದ ಸೋಂಕು ಹಿಂಬಾಲಿಸಬಹುದು. ಜ್ವರ, ಚಳಿ, ಹೊಸದಾಗಿ ಬಂದ ಉರಿಮೂತ್ರ, ಪಕ್ಕೆ ನೋವು ಇದ್ದರೆ ಅದು ಸೋಂಕಿರಬಹುದು. ಬರೀ ಗೊಂದಲ ಮಾತ್ರ ಇದ್ದರೆ ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಕಟ್ಟಿದ ಮೂತ್ರ, ಇವುಗಳನ್ನೂ ಹುಡುಕಬೇಕು. ದೀರ್ಘಕಾಲ ಇದ್ದ ಪೈಪಿನಿಂದ ಸೋಂಕಾದರೆ ಹಳೆಯದನ್ನು ಬದಲಿಸಿ, ಹೊಸದರಿಂದಲೇ ಮಾದರಿ ತೆಗೆಯಬೇಕು.

ರಾತ್ರಿಯ ಓಡಾಟ ಕಡಿಮೆ ಮಾಡಲು ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತನ್ನು ಡಾಕ್ಟರ ಒಪ್ಪಿಗೆಯಿಂದ ಬೆಳಿಗ್ಗೆಗೋ ಮಧ್ಯಾಹ್ನಕ್ಕೋ ತನ್ನಿ, ಕಾಲು ಬಾತಿರುವವರಿಗೆ ಮಧ್ಯಾಹ್ನ ಕಾಲನ್ನು ದಿಂಬಿನ ಮೇಲಿರಿಸಿ, ನೀರನ್ನು ಹಗಲಿನಲ್ಲೇ ಕುಡಿಸಿ.

ಪೈಪಿನೊಂದಿಗೇ ಮನೆಗೆ ಹೋಗುವವರ ಚೀಟಿಯಲ್ಲಿ ಹಾಕಿದ ದಿನಾಂಕ, ಸೈಜು, ಬಲೂನಿನ ನೀರಿನ ಅಳತೆ, ಬದಲಿಸಬೇಕಾದ ದಿನ ಬರೆಸಿಕೊಳ್ಳಿ. ಸಿಲಿಕೋನ್ ಪೈಪನ್ನು ಹೆಚ್ಚೆಂದರೆ 12 ವಾರ ಇಡಬಹುದು. ಬ್ಯಾಗಿಗೆ ಮೂತ್ರ ಬರುವುದು ನಿಂತು ಹೊಟ್ಟೆ ಬಿಗಿದರೆ, ರಕ್ತದ ಗಡ್ಡೆ ಕಂಡರೆ, ನಡುಗುವ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಹೊಟ್ಟೆಯ ಕೆಳಭಾಗದ ರಂಧ್ರದ ಮೂಲಕ ಹಾಕಿದ ಪೈಪ್ ಜಾರಿಬಿದ್ದರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ, ಹಾಗಾಗಿ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ.