ತುಡುವೆ ಪೆಟ್ಟಿಗೆ ಪಾಲು ಮಾಡೋದು: ನನ್ನ ಅನುಭವ

ತುಡುವೆ ಅಂದ್ರೆ ಪೆಟ್ಟಿಗೆಯಲ್ಲಿ ಸಾಕೋ ನಮ್ಮ ನಾಡ ಜೇನು, ಪಾಲು ಅಂದ್ರೆ ಒಂದು ಕುಟುಂಬವನ್ನು ಎರಡು ಪೆಟ್ಟಿಗೆ ಮಾಡೋದು. ನಮ್ಮ ಸುಳ್ಯದ ಕಡೆ ರಬ್ಬರ್ ಎಲೆ ಉದುರಿ ಹೊಸ ಚಿಗುರು ಬರೋದು ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ, ಆ ಚಿಗುರಿನ ರಸವೇ ನಮಗೆ ದೊಡ್ಡ ಜೇನು ಫಸಲು. ಅದಕ್ಕೆ ಮೊದಲು ಪಾಲು ಮುಗಿಸ್ಬೇಕು ಅಂತ ಎಲ್ಲರೂ ಹೇಳೋದು ಸರಿ, ಆದ್ರೆ ನಾನು ತಾರೀಕಿಗಿಂತ ಜಾಸ್ತಿ ನಂಬೋದು ಗಂಡು ಜೇನುನೊಣವನ್ನು. ತುಡುವೆಯಲ್ಲಿ ಗಂಡು ಮರಿ ಬೆಳೆಯೋ ಕಣದ (ಮೇಣದ ಸಣ್ಣ ಕೋಣೆಯ) ಮುಚ್ಚಳ ಉಬ್ಬಿರ್ತದೆ, ನಡುವಲ್ಲಿ ಸಣ್ಣ ತೂತು. ಅಂಥ ಮುಚ್ಚಳ ಅಡಿಹಲಗೆಯಲ್ಲಿ ಬಿದ್ದಿದ್ದು ಕಂಡ್ರೆ ಪೆಟ್ಟಿಗೆ ತಯಾರಾಗ್ತಾ ಇದೆ ಅಂತ ಲೆಕ್ಕ. ಗಂಡೇ ಇಲ್ಲದ ಹೊತ್ತಲ್ಲಿ ಹೊಸ ರಾಣಿ ಹುಟ್ಟಿ ಏನು ಪ್ರಯೋಜನ?

ಆಮೇಲೆ ಎರಿಯ (ಕಣಗಳಿರೋ ಮೇಣದ ಹಲಗೆಯ) ಕೆಳಅಂಚು ನೋಡ್ತೇನೆ. ರಾಣಿ ಕಣ ಅಲ್ಲೇ ನೇತಾಡ್ತಿರ್ತದೆ, ನೆಲಗಡಲೆ ಹಾಗೆ. ತುದಿಯ ಮೇಣ ಕೆರೆದು ಕಂದು ಬಣ್ಣ ಕಾಣ್ತಾ ಇದ್ರೆ ರಾಣಿ ಇವತ್ತು ನಾಳೆ ಹೊರಗೆ ಬರ್ತಾಳೆ. ನಾನು ಪಾಲು ಮಾಡೋದು ರಾಣಿ ಕಣದ ಬಾಯಿ ಮುಚ್ಚಿದ ಮೇಲೆಯೇ. ಆ ಎರಿಯನ್ನು ಕೊಡವೋದು, ತಲೆಕೆಳಗೆ ಮಾಡೋದು ಬೇಡವೇ ಬೇಡ, ಒಳಗಿನ ಮರಿಗೆ ಪೆಟ್ಟಾಗ್ತದೆ. ಚೆನ್ನಾಗಿ ಉದ್ದ ಇರೋ ರಾಣಿ ಕಣ ಒಂದೆರಡು ಬಿಟ್ಟು ಉಳಿದದ್ದು ತೆಗೀತೇನೆ, ಇಲ್ಲಾಂದ್ರೆ ಮತ್ತೆ ಮತ್ತೆ ಪಾಲಾಗಿ ಹೋಗಿ ಕೊನೆಗೆ ಪೆಟ್ಟಿಗೆಯಲ್ಲಿ ಬಲವೇ ಉಳಿಯಲ್ಲ.

ಹಳೇ ರಾಣಿ ಇರೋ ಎರಿ ಹುಡುಕೋದೇ ನಿಜವಾದ ಕೆಲಸ. ತೆಂಗಿನ ನಾರಿನ ಹೊಗೆ ಸ್ವಲ್ಪವೇ ಸಾಕು, ಜಾಸ್ತಿಯಾದ್ರೆ ರಾಣಿ ಎರಿಯಿಂದ ಎರಿಗೆ ಓಡ್ತಾಳೆ, ಆಮೇಲೆ ಎಷ್ಟು ನೋಡಿದ್ರೂ ಕಣ್ಣಿಗೆ ಬೀಳಲ್ಲ. ಕಣ ಮುಚ್ಚಿದ ಮರಿ ಇರೋ ಎರಿಗಳ ಜೊತೆ ಅವಳನ್ನು ಹೊಸ ಪೆಟ್ಟಿಗೆಗೆ ಹಾಕಿ, ರಾಣಿ ಕಣ ಇರೋದನ್ನು ಹಳೇದರಲ್ಲೇ ಬಿಡ್ತೇನೆ, ಎರಡರಲ್ಲೂ ಜೇನು, ಪರಾಗ ಇರ್ಬೇಕು. ಮತ್ತೆ ಹಳೇ ಜಾಗದಿಂದ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸಮ ಸರಿಸಿ ಇಡೋದು, ಹೊರಗೆ ಹೋದ ನೊಣ ಬಂದು ಎರಡಕ್ಕೂ ಹಂಚಿಹೋಗ್ತದೆ, ಯಾವುದಕ್ಕೆ ಜಾಸ್ತಿ ಹೋಗ್ತಿದೆಯೋ ಅದನ್ನು ಇನ್ನಷ್ಟು ದೂರ ಸರಿಸಿದ್ರಾಯ್ತು. ಬಾಗಿಲು ಸಣ್ಣ ಮಾಡಿ, ಸಕ್ಕರೆ ಪಾಕ ಸಂಜೆ ಕತ್ತಲಾದ ಮೇಲೆಯೇ ಇಡಿ, ಹಗಲು ಇಟ್ರೆ ಬೇರೆ ಪೆಟ್ಟಿಗೆಯವು ದೋಚ್ತವೆ.

ಪಾಲಿಗೆ ಪೆಟ್ಟಿಗೆ ಆರಿಸುವಾಗ ಜೇನು ಎಷ್ಟು ಕೊಟ್ಟಿತು ಅನ್ನೋದೊಂದೇ ನೋಡ್ಬೇಡಿ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನೋ, ಮರಿ ಕೊಲ್ಲುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನೇ ಬರಿದು ಮಾಡಿತ್ತು, ಆ ವೈರಸ್ ಈಗಲೂ ಇದೆ. ಮರಿ ತಲೆ ಎತ್ತಿಕೊಂಡು ನೀರು ತುಂಬಿದ ಚೀಲ ಆಗಿ ಸತ್ತಿದ್ದು ಒಂದು ಕಂಡ್ರೂ ಆ ಪೆಟ್ಟಿಗೆಯ ಸಂತಾನ ನನಗೆ ಬೇಡ.

ಹೊಸ ರಾಣಿ ಹೊರಬಂದ ಮೇಲೆ ಎರಡು ವಾರ ಪೆಟ್ಟಿಗೆ ಮುಟ್ಟಲ್ಲ. ಆಮೇಲೆ ಬಿಸಿಲಿಗೆ ಎರಿ ಹಿಡಿದು ನೋಡಿದಾಗ ಕಣಕ್ಕೆ ಒಂದೊಂದೇ ಮೊಟ್ಟೆ, ತಳದ ನಡುವಲ್ಲಿ ನಿಂತಿರ್ಬೇಕು. ಒಂದೇ ಕಣದಲ್ಲಿ ನಾಲ್ಕೈದು ಮೊಟ್ಟೆ ಇದ್ರೆ ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಇಡ್ತಿವೆ ಅಂತ ಅರ್ಥ, ತುಡುವೆಯಲ್ಲಿ ಇದು ಬೇಗ ಶುರುವಾಗ್ತದೆ. ಆಗ ಕಾಯದೆ ರಾಣಿ ಇರೋ ಬಲವಾದ ಕುಟುಂಬಕ್ಕೆ ಸೇರಿಸಿಬಿಡಿ.