ಹೊಸ ಚೈನ್‌ಸಾ ಪ್ಲಗ್ ಪದೇ ಪದೇ ಕಪ್ಪಾಗುತ್ತಿತ್ತು: ಕಾರಣ ಹಿಡಿದದ್ದು ಹೀಗೆ

ಮೂಡಿಗೆರೆ ಕಡೆ ನಮ್ಮದು ಕಾಫಿ ತೋಟ. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಹೊತ್ತಿಗೆ ಬೇಕು ಅಂತ ಹೊಸ ಚೈನ್‌ಸಾ, ಅಂದರೆ ಪೆಟ್ರೋಲ್‌ನಲ್ಲಿ ಓಡುವ ಮರ ಕೊಯ್ಯುವ ಮಿಷನ್, ತಂದೆವು. ಮೊದಲು ಚೆನ್ನಾಗೇ ಓಡಿತು, ಆಮೇಲೆ ಕಾಟ ಶುರು. ಸ್ವಲ್ಪ ಹೊತ್ತು ಕೊಯ್ಯುವುದರೊಳಗೆ ಮುಗ್ಗರಿಸಿ ಆಫ್ ಆಗುತ್ತಿತ್ತು. ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಇಲ್ಲ. ಇಂಜಿನ್‌ಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿದರೆ ಪೂರ್ತಿ ಮಸಿ. ಹೊಸದು ಹಾಕಿದರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ.

"ಅಣ್ಣ, ಈ ಪ್ಲಗ್ಗೇ ಸರಿ ಇಲ್ಲ, ಬೇರೆ ಕಂಪನಿದು ತನ್ನಿ" ಅಂದ ಮಿಷನ್ ಹಿಡಿಯುವ ಹುಡುಗ. ಸುಮ್ನೆ ಪ್ಲಗ್ ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಕಾರಣ ಮಾತ್ರ ಒಳಗೇ ಉಳಿಯುತ್ತದೆ. ಡಾಕ್ಟರು ನಾಲಿಗೆ ನೋಡುವ ಹಾಗೆ ಪ್ಲಗ್‌ನ ತುದಿ ನೋಡಬೇಕು. ಅದೂ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡಲು) ಬಿಟ್ಟು ಆಫ್ ಮಾಡಿ ನೋಡಿದರೆ ಪ್ರಯೋಜನ ಇಲ್ಲ. ಮರ ಕೊಯ್ಯುತ್ತಿರುವಾಗಲೇ ಆಫ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಬೇಕು. ತುದಿ ತಿಳಿ ಕಂದು ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಜಿಡ್ಡುಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಜಾಸ್ತಿ, ಇಲ್ಲವೇ ಆಯಿಲ್ಲೇ ಸರಿ ಇಲ್ಲ. ಬರೀ ಪೆಟ್ರೋಲ್ ವಾಸನೆಯ ಒದ್ದೆ ಆದರೆ ಓವರ್‌ಫ್ಲೋ. ನಮ್ಮದರಲ್ಲಿ ಇದ್ದದ್ದು ಒಣ ಮಸಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಬರುತ್ತಿತ್ತು. ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ.

ಆದರೂ ಆಯಿಲ್ ಅನುಮಾನ ಮೊದಲು ಕಳೆದುಕೊಂಡೆ. ನಮ್ಮ ಮಿಷನ್‌ಗೆ ಹೇಳಿರುವುದು 50:1, ಅಂದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ ಕಲಸುವ ಆಯಿಲ್). ಸಿರಿಂಜ್‌ನಲ್ಲಿ ಅಳೆದು, ಬೇರೆ ಕ್ಯಾನ್‌ನಲ್ಲಿ ಹೊಸದಾಗಿ ಕಲಸಿ ಹಾಕಿದೆ. ಮಸಿ ಕಡಿಮೆಯಾಗಲಿಲ್ಲ. ಏರ್ ಫಿಲ್ಟರ್ ಹೊಸದು, ಕ್ಲೀನ್ ಇತ್ತು. ಕಿಡಿ ಕೂಡ ನೀಲಿಯಾಗಿ ಜೋರಾಗಿತ್ತು. ಕಿಡಿ ನೋಡುವಾಗ ಪ್ಲಗ್‌ನ ಲೋಹದ ಭಾಗ ಸಿಲಿಂಡರ್‌ಗೆ ತಾಗಿರಬೇಕು, ಆದರೆ ಪ್ಲಗ್ ತೂತಿನಿಂದ ದೂರ ಹಿಡಿಯಿರಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ, ಬೆಂಕಿ ಹತ್ತಬಹುದು.

ಉಳಿದದ್ದು ಚೋಕ್, ಅಂದರೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ವ್ಯವಸ್ಥೆ. ಇಂಜಿನ್ ಆಫ್ ಮಾಡಿ, ಫಿಲ್ಟರ್ ತೆಗೆದು, ಟಾರ್ಚ್ ಬಿಟ್ಟು, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಬಾಯಿ ನೋಡಿದೆ. ಚೋಕ್ ಲಿವರ್ ಓಡುವ ಜಾಗಕ್ಕೆ ಬಂದಾಗ ಒಳಗಿನ ಪುಟ್ಟ ತಗಡು ಪೂರ್ತಿ ತೆರೆದುಕೊಂಡು ಗಾಳಿಗೆ ದಾರಿ ಬಿಡಬೇಕು. ನಮ್ಮದು ಓರೆಯಾಗಿ ಅರ್ಧಕ್ಕೇ ನಿಂತಿತ್ತು! ಹೊರಗಿನಿಂದ ನೋಡಿದರೆ ಲಿವರ್ ಸರಿಯಾದ ಜಾಗದಲ್ಲೇ ಇದೆ. ಲಿವರ್‌ಗೂ ತಗಡಿಗೂ ನಡುವಿನ ತಂತಿ ಅದರ ಗೂಡಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಅಂದರೆ ಮಿಷನ್ ದಿನವೆಲ್ಲ ಅರೆಚೋಕ್‌ನಲ್ಲೇ ಓಡುತ್ತಿತ್ತು. ಮಸಿ ಹಿಡಿಯದೆ ಇನ್ನೇನು ಅಲ್ವಾ? ಚೂಪು ಮೂತಿಯ ಇಕ್ಕಳದಲ್ಲಿ ತಂತಿ ಕೂರಿಸಿದ ಮೇಲೆ ತಗಡು ಪೂರ್ತಿ ತೆರೆಯಿತು.

ಮುಗ್ಗರಿಸುವುದು ನಿಂತಿತು. ಆದರೂ ಪ್ಲಗ್ ಕಂದು ಬಣ್ಣಕ್ಕೆ ಬರಲಿಲ್ಲ, ಕಪ್ಪು ಛಾಯೆ ಇತ್ತು. ನಮ್ಮ ಭಾಗ ಸಮುದ್ರ ಮಟ್ಟದಿಂದ ಸುಮಾರು 900-1000 ಮೀಟರ್ ಎತ್ತರ. ಈ ಎತ್ತರದಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಕೆಳಗಿನ ಊರಿಗೆ ಸರಿಯಾಗಿ ಕೂರಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಕೊಡುತ್ತದೆ.

ಅದಕ್ಕೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬ್ಯುರೇಟರ್‌ನ ಎಲ್ ಸ್ಕ್ರೂವನ್ನು (ನಿಧಾನ ಓಟದ ಪೆಟ್ರೋಲ್ ಹೊಂದಿಸುವುದು) ಬಲಕ್ಕೆ ಒಂಚೂರೇ ತಿರುಗಿಸಿದೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಒಂದು ಸಲಕ್ಕೆ ಎಂಟರಲ್ಲಿ ಒಂದು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಪ್ರತಿ ಸಲ ಆಕ್ಸಿಲರೇಟರ್ ಒತ್ತಿ ನೋಡಬೇಕು. ತಟ್ಟನೆ ಎದ್ದರೆ ಸರಿ. ತಡವರಿಸಿ ನಿಲ್ಲುವ ಹಾಗಾದರೆ ಸ್ವಲ್ಪ ವಾಪಸ್ ಬಿಡಬೇಕು. ಕೊನೆಗೆ ಐಡ್ಲಿಂಗ್ ಸ್ಕ್ರೂ ನೋಡಿಕೊಳ್ಳಿ. ಆಕ್ಸಿಲರೇಟರ್‌ನಿಂದ ಕೈ ಬಿಟ್ಟಾಗ ಚೈನ್ ತಿರುಗಲೇಬಾರದು.

ಜೋರು ಓಟದ ಪೆಟ್ರೋಲ್ ಹೊಂದಿಸುವ ಎಚ್ ಸ್ಕ್ರೂ ಮಾತ್ರ ನಾನು ಮುಟ್ಟಲಿಲ್ಲ, ನೀವೂ ಅಂದಾಜಿನಲ್ಲಿ ಮುಟ್ಟಬೇಡಿ. ಈ ಇಂಜಿನ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಜೋರಾಗಿ ಓಡುವಾಗ ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಶಾಖ ಜಾಸ್ತಿ. ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡರೆ ಹೊಸ ಮಿಷನ್ ಹೋಯಿತು ಅಂತಲೇ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ಅಳೆಯುವ ಮೀಟರ್ ಇರುವ ಮೆಕ್ಯಾನಿಕ್ ಹತ್ತಿರವೇ ಅದನ್ನು ಮಾಡಿಸಿದೆ.

ಇನ್ನೊಂದು ಅಭ್ಯಾಸವನ್ನೂ ಬಿಡಿಸಿದೆ. ಹುಡುಗರು ಕೊಂಬೆ ಎಳೆದು ಹಾಕುವಷ್ಟು ಹೊತ್ತು ಮಿಷನ್ ಸುಮ್ನೆ ಓಡುತ್ತಲೇ ಇರುತ್ತಿತ್ತು. ಐಡ್ಲಿಂಗ್‌ನಲ್ಲಿ ಪ್ಲಗ್ ತುದಿಗೆ ಸಾಕಷ್ಟು ಬಿಸಿ ಏರುವುದಿಲ್ಲ, ಕೂತ ಮಸಿ ಸುಟ್ಟು ಹೋಗುವುದೂ ಇಲ್ಲ. ಈಗ ಕೆಲಸ ಇಲ್ಲ ಅಂದರೆ ಆಫ್. ಪ್ಲಗ್ ತಿಳಿ ಕಂದು ಬಣ್ಣಕ್ಕೆ ಬಂದಿದೆ.

ಚೋಕ್, ಫಿಲ್ಟರ್, ಆಯಿಲ್ ಎಲ್ಲ ಸರಿಯಿದ್ದೂ ನಿಮ್ಮ ಪ್ಲಗ್ ಪೆಟ್ರೋಲ್‌ನಲ್ಲಿ ನೆನೆಯುತ್ತಿದ್ದರೆ, ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಬರುವುದನ್ನು ತಡೆದು ಬಿಡುವ ಸೂಜಿ ವಾಲ್ವ್ ಸೋರುತ್ತಿರಬಹುದು. ವಾರಂಟಿ ಇದ್ದರೆ ಬಿಚ್ಚಲು ಹೋಗಬೇಡಿ, ತಂದ ಅಂಗಡಿಗೇ ಕೊಡಿ. ಹಾಳಾದ ಪ್ಲಗ್‌ಗಳನ್ನು ಎಸೆಯದೆ ಒರೆಸದೆ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಮೆಕ್ಯಾನಿಕ್ ಮೊದಲು ನೋಡಬೇಕಾದದ್ದು ಅದನ್ನೇ.