ಕಾರಿನ ಕೀಗೆ ನಾನೇ ಸೆಲ್ ಹಾಕಿದ್ದು

ಅರಸೀಕೆರೆಯ ಛತ್ರದ ಮುಂದೆ ಬೆಳಗಿನ ಜಾವ ಐದೂವರೆಗೆ ನನ್ನ ಕಾರು ಬೊಬ್ಬೆ ಹೊಡೆಯಲು ಶುರು ಮಾಡಿತು. ಚಿಕ್ಕಮ್ಮನ ಮಗಳ ಮದುವೆ. ಡಿಕ್ಕಿಯಲ್ಲಿದ್ದ ಬೆಳ್ಳಿ ತಟ್ಟೆಯ ಚೀಲ ತರಲು ಹೋಗಿದ್ದೆ. ರಿಮೋಟ್ ಒತ್ತಿದೆ, ಏನೂ ಆಗಲಿಲ್ಲ. ಸರಿ, ಕೀಯಲ್ಲೇ ತೆಗೆಯೋಣ ಅಂತ ಬಾಗಿಲಿಗೆ ಹಾಕಿ ತಿರುಗಿಸಿದೆ. ನನ್ನ ಕಾರಿಗೆ ಒಂದು ಗುಣ ಇದೆ. ರಿಮೋಟಿನಲ್ಲಿ ಲಾಕ್ ಮಾಡಿ ಬರೀ ಕೀಯಲ್ಲಿ ಬಾಗಿಲು ತೆಗೆದರೆ ಕಳ್ಳ ಬಂದ ಅಂದುಕೊಳ್ಳುತ್ತದೆ. ಒಳಗೆ ಕೂತು ಇಗ್ನಿಷನ್ ಆನ್ ಮಾಡಿದರೆ ಸುಮ್ಮನಾಗುತ್ತದೆ, ಆದರೆ ಆ ಗಡಿಬಿಡಿಯಲ್ಲಿ ಅದು ಯಾರಿಗೆ ನೆನಪಾಗುತ್ತದೆ? ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಾಲ್ಕೈದು ಜನ ಹೊರಗೆ ಬಂದರು. ನನ್ನ ಹೆಂಡತಿ ಜಗುಲಿಯಿಂದಲೇ, "ರೀ, ಇನ್ನೂ ಯಾರಾದ್ರೂ ಮಲಗಿದ್ದಾರಾ ನೋಡ್ಬಿಡಿ" ಅಂದಳು.

ಆ ಕೀ ನಾಲ್ಕು ತಿಂಗಳಿಂದ ಹಾಗೇ ಆಡುತ್ತಿತ್ತು. ಅಂಗೈಗೆ ಎರಡು ಸಲ ಬಡಿದರೆ ಕೆಲಸ ಮಾಡುತ್ತಿತ್ತು, ಮತ್ತೆ ಕೈಕೊಡುತ್ತಿತ್ತು. ಸರ್ವಿಸ್‌ಗೆ ಬಿಟ್ಟಾಗ ತೋರಿಸಿದ್ದೆ. "ಸೆಲ್ ಚೆನ್ನಾಗಿದೆ ಸರ್, ರಿಮೋಟೇ ಹೋಗಿದೆ. ಹೊಸ ಕೀ, ಕೋಡಿಂಗ್ ಎಲ್ಲಾ ಸೇರಿ ಎಂಟು ಸಾವಿರ ಆಗುತ್ತೆ" ಅಂದಿದ್ದರು. ಅಂಗೈಗೆ ಬಡಿದರೆ ಸರಿಹೋಗುವ ರೋಗಕ್ಕೆ ಎಂಟು ಸಾವಿರ ಯಾಕೆ ಅಂತ ಸುಮ್ನೆ ಬಂದಿದ್ದೆ. ಛತ್ರದ ಮರ್ಯಾದೆ ಹೋದ ಮೇಲೆ, ಮುಂದಿನ ಭಾನುವಾರ ಕೀ ಬಿಚ್ಚಿಯೇ ಬಿಡೋಣ ಅಂತ ಕೂತೆ.

ಬಿಚ್ಚೋಕೆ ಧೈರ್ಯ ಬಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಇಷ್ಟು ದಿನದಲ್ಲಿ ಗಾಡಿ ಸ್ಟಾರ್ಟ್ ಆಗದೆ ಇದ್ದದ್ದು ಒಂದು ಸಲವೂ ಇಲ್ಲ. ಕೀಯೊಳಗೆ ಎರಡು ಬೇರೆ ಬೇರೆ ಸಾಮಾನು ಇರುತ್ತವೆ. ಬಾಗಿಲು ತೆಗೆಯುವ ರಿಮೋಟ್ ಸೆಲ್ ಮೇಲೆ ನಡೆಯುತ್ತದೆ. ಎಂಜಿನ್‌ಗೆ "ಇದು ನಮ್ಮ ಕೀನೇ" ಅಂತ ಹೇಳುವ ಸಣ್ಣ ಚಿಪ್ ಬೇರೆ. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ತೂತಿನ ಸುತ್ತ ಒಂದು ಕಾಯಿಲ್, ಅಂದರೆ ತಂತಿಯ ಸುರುಳಿ, ಇರುತ್ತದೆ, ಚಿಪ್ಪಿಗೆ ಬೇಕಾದ ಚೂರು ವಿದ್ಯುತ್ತು ಅಲ್ಲಿಂದಲೇ ಸಿಗುತ್ತದೆ. ಸೆಲ್ ಪೂರ್ತಿ ಸತ್ತರೂ ಗಾಡಿ ಓಡುತ್ತದೆ ಅನ್ನೋದು ಇದಕ್ಕೇ. ಆದರೆ ಕೆಲವು ಕೀಗಳಲ್ಲಿ ಆ ಚಿಪ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ, ಒಂದು ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಬಿಚ್ಚುವಾಗ ಅದು ಉದುರಿ ಕಳೆದುಹೋದರೆ ಬಾಗಿಲು ತೆಗೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ. ಅದಕ್ಕೇ ಊಟದ ತಟ್ಟೆಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೇ ಕೀ ಬಿಚ್ಚಿದೆ.

ನನ್ನದು ಒತ್ತಿದರೆ ಚಟ್ ಅಂತ ಹೊರಗೆ ಬರುವ ಮಡಿಚುವ ಕೀ. ಕೀ ಹೊರಗೆ ಬಂದಾಗ ಬದಿಯಲ್ಲಿ ಉಗುರಷ್ಟು ಅಗಲದ ಸೀಳು ಕಾಣುತ್ತದೆ. ಅಲ್ಲಿಂದಲೇ ಶುರು. ಮೊದಲು ಸ್ಕ್ರೂಡ್ರೈವರ್ ಹಾಕಲು ಹೋದೆ, ಪ್ಲಾಸ್ಟಿಕ್ ಮೇಲೆ ಬೆಳ್ಳಗೆ ಒಂದು ಗೀರು ಬಿತ್ತು. ಈಗಲೂ ಇದೆ. ಆಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆ ಕತ್ತರಿಸಿ ಅದನ್ನೇ ತೂರಿಸಿದೆ. ಒಂದೇ ಕಡೆ ಜೋರು ಮಾಡಬಾರದು. ಸೀಳಿನಲ್ಲಿ ಕಾರ್ಡ್ ಇಟ್ಟು ಸ್ವಲ್ಪ ತಿರುಚೋದು, ಮುಂದೆ ಸರಿಸೋದು, ಮತ್ತೆ ತಿರುಚೋದು. ಟಕ್ ಟಕ್ ಅಂತ ಒಂದೊಂದೇ ಹಲ್ಲು ಬಿಡುತ್ತಾ ಬಂತು, ಹಲಸಿನ ತೊಳೆ ಬಿಡಿಸಿದ ಹಾಗೆ. ಕೀ ಮಡಿಚುವ ಕಡೆಯ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಅದರೊಳಗೆ ಸುರುಳಿ ಸ್ಪ್ರಿಂಗ್ ಇದೆ, ಹಾರಿದರೆ ಮತ್ತೆ ಕೂರಿಸೋದು ನಮ್ಮಂಥವರ ಕೆಲಸ ಅಲ್ಲ.

ಮುಚ್ಚಳ ಬಿಟ್ಟಿತು. ಸೆಲ್ ಕಾಣಿಸಿತು. ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದೆ, ಪ್ಲಸ್ ಯಾವ ಕಡೆ ಇದೆ ಅಂತ. ಒಂದೊಂದು ಕೀಯಲ್ಲಿ ಒಂದೊಂದು ಥರ ಇರುತ್ತೆ, ನೆನಪನ್ನು ನಂಬಿದರೆ ಕೆಟ್ಟ ಹಾಗೇ. ಆಮೇಲೆ ಹಲ್ಲುಕಡ್ಡಿಯಲ್ಲಿ ಸೆಲ್ ಎಬ್ಬಿಸಿದೆ. ಕಬ್ಬಿಣದ ಚಿಮಟ ಹಾಕಿದರೆ ಎರಡೂ ಕಡೆ ತಾಗಿ ಶಾರ್ಟ್ ಆಗಬಹುದು.

ಸೆಲ್ ಕೆಳಗೆ ಒಂದು ಬೆಳ್ಳಿ ಕಾಗದ ಇತ್ತು! ಸಿಗರೇಟ್ ಪ್ಯಾಕಿನ ಒಳಗೆ ಬರುತ್ತಲ್ಲ, ಅದೇ. ನಾಲ್ಕು ಮಡಿಕೆ ಮಾಡಿ, ಒತ್ತಿ, ಅಚ್ಚುಕಟ್ಟಾಗಿ ಸೆಲ್ ಅಳತೆಗೆ ದುಂಡಗೆ ಕತ್ತರಿಸಿದ್ದರು. ಒಂದು ಅಂಚು ಕಿತ್ತುಹೋಗಿತ್ತು. ಕೀ ಬಿಚ್ಚಿದ್ದು ನಾನು ಇದೇ ಮೊದಲು. ಹಾಗಾದರೆ ಇದು ಯಾರ ಕೈಕೆಲಸ? ಒಂದು ವರ್ಷದ ಹಿಂದೆ ನಮ್ಮ ಬೀದಿಯ ವಾಚ್ ಅಂಗಡಿಯಲ್ಲಿ ಸೆಲ್ ಹಾಕಿಸಿದ್ದು ನೆನಪಾಯಿತು.

ಸೆಲ್ ತಿರುಗಿಸಿ ನೋಡಿದೆ: ಸಿಆರ್2025. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಸಿ ಬರೆದಿತ್ತು: ಸಿಆರ್2032.

ಆ ನಂಬರ್ ಸುಮ್ನೆ ಹಾಕಿರೋದಲ್ಲ. ಮೊದಲ ಎರಡು ಅಂಕೆ ಅಗಲ, 20 ಮಿಲಿಮೀಟರ್. ಉಳಿದ ಎರಡು ದಪ್ಪ, 32 ಅಂದರೆ 3.2 ಮಿಲಿಮೀಟರ್, 25 ಅಂದರೆ 2.5. ಎರಡೂ 3 ವೋಲ್ಟಿನವೇ, ಎರಡೂ ಅದೇ ಗುಂಡಿಯಲ್ಲಿ ಕೂರುತ್ತವೆ. ಆದರೆ 2025 ದಪ್ಪದಲ್ಲಿ 0.7 ಮಿಲಿಮೀಟರ್ ಕಮ್ಮಿ. ಅಷ್ಟು ಸಂದಿಗೇ, ಸೆಲ್ಲಿನಿಂದ ಕರೆಂಟ್ ತಗೊಳ್ಳುವ ತಗಡಿನ ನಾಲಿಗೆ ಒಮ್ಮೆ ತಾಗುತ್ತೆ, ಒಮ್ಮೆ ಇಲ್ಲ. ಆ ಸಂದು ತುಂಬೋಕೇ ಬೆಳ್ಳಿ ಕಾಗದ. ಕಾಗದ ಸವೆದ ಮೇಲೆ ನನ್ನ ಅಂಗೈ ಏಟು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದರೆ ಹಳೇ ಸೆಲ್ 2.98 ವೋಲ್ಟ್ ತೋರಿಸಿತು. ಸರ್ವಿಸ್‌ನವರು ಸೆಲ್ ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ. ಅದು ಎಷ್ಟನೇ ನಂಬರ್ ಅಂತ ಮಾತ್ರ ಓದಿರಲಿಲ್ಲ.

ಮುಂದಿನದು ಐದು ನಿಮಿಷದ ಕೆಲಸ. ಮೆಡಿಕಲ್ ಸ್ಟೋರಿನ ಸ್ಪಿರಿಟ್‌ನಲ್ಲಿ ಇಯರ್ ಬಡ್ ಅದ್ದಿ ತಗಡಿನ ನಾಲಿಗೆ ಒರೆಸಿದೆ, ಕಪ್ಪಗೆ ಬಂತು. ಒಣಗಲು ಬಿಟ್ಟು, ಹೊಸ 2032ನ್ನು ಅಂಚಿನಲ್ಲಿ ಹಿಡಿದು ಕೂರಿಸಿದೆ. ಕೈಯ ಜಿಡ್ಡು ತಾಗಬಾರದು ಅಂತಾರೆ, ಅದಕ್ಕೆ. ಮುಚ್ಚಳ ಪೂರ್ತಿ ಒತ್ತುವ ಮೊದಲೇ ಕಿಟಕಿಯಿಂದ ಕೈ ಚಾಚಿ ಬಟನ್ ಒತ್ತಿದೆ. ಕೆಳಗೆ ಕಾರಿನ ಇಂಡಿಕೇಟರ್ ಮಿನುಗಿತು. ಸೆಲ್ ತೆಗೆದರೆ ಕಾರು ಕೀಯನ್ನು ಗುರುತಿಸುವ ಕೋಡ್ ಅಳಿಸಿಹೋಗುತ್ತೇನೋ ಅನ್ನೋ ಭಯ ಇತ್ತು, ನನ್ನದರಲ್ಲಿ ಹಾಗೇನೂ ಆಗಲಿಲ್ಲ.

ಇಷ್ಟರಲ್ಲಿ ತಮ್ಮನ ಮಗಳು, ಎರಡು ವರ್ಷದವಳು, ತಟ್ಟೆಯ ಹತ್ತಿರ ಬಂದು ಹಳೇ ಸೆಲ್ಲಿಗೆ ಕೈ ಹಾಕಿದ್ದಳು. ಎದೆ ಝಲ್ ಅಂತು. ಈ ಬಿಲ್ಲೆ ಸೆಲ್ ನುಂಗಿದರೆ ನಾಣ್ಯ ನುಂಗಿದ ಹಾಗಲ್ಲ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು, ವೋಲ್ಟ್ ಇಳಿದ ಹಳೇ ಸೆಲ್ ಆದರೂ ಅಷ್ಟೇ. ತಕ್ಷಣ ಎರಡೂ ಕಡೆ ಟೇಪ್ ಸುತ್ತಿ ಅಟ್ಟದ ಮೇಲಿನ ಡಬ್ಬಿಗೆ ಹಾಕಿದೆ, ಇ-ವೇಸ್ಟಿಗೆ ಕೊಡೋಕೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಮಾಡೋದಾದರೆ ಮೊದಲು ಬಾಗಿಲು ಹಾಕಿಕೊಳ್ಳಿ.

ಸುದ್ದಿ ಕೇಳಿದ ಭಾವ ತಮ್ಮ ಬಟನ್ ಸ್ಟಾರ್ಟ್ ಕಾರಿನ ಕೀ ತಂದುಕೊಟ್ಟರು. ಅದು ಇನ್ನೂ ಸುಲಭ. ಬದಿಯ ಸಣ್ಣ ಗುಂಡಿ ಒತ್ತಿ ಎಳೆದರೆ ಒಳಗಿಂದ ಲೋಹದ ಕೀ ಬರುತ್ತದೆ. ಅದು ಇದ್ದ ಜಾಗದಲ್ಲೇ ಸೀಳು. "ಇದರೊಳಗೆ ಕೀ ಇದೆ ಅಂತಲೇ ಗೊತ್ತಿರಲಿಲ್ಲ ಕಣಯ್ಯ, ಮೂರು ವರ್ಷ ಆಯ್ತು ತಗೊಂಡು" ಅಂದರು. ಅಂಥ ಕಾರುಗಳಲ್ಲಿ ಸೆಲ್ ಸತ್ತರೆ ಬಹಳಷ್ಟು ಮಾಡೆಲ್‌ಗಳಿಗೆ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಎಂದಿನಂತೆ ಸ್ಟಾರ್ಟ್ ಮಾಡಿದರೆ ಸಾಕು, ಎಂಜಿನ್ ಶುರುವಾಗುತ್ತೆ. ನಿಮ್ಮದರಲ್ಲಿ ಎಲ್ಲಿಗೆ ತಾಗಿಸಬೇಕು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ.

ಸಂಜೆ ಬೆಳ್ಳಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವಾಚ್ ಅಂಗಡಿಗೆ ಹೋದೆ. ಗಲ್ಲಾ ಮೇಲೆ ಇಟ್ಟೆ. ಆತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಲೆನ್ಸ್ ತೆಗೆದು ನೋಡಿ, ಹಳೇ ಗೆಳೆಯ ಸಿಕ್ಕಿದ ಹಾಗೆ ನಕ್ಕ. "ಅವತ್ತು ಮೂವತ್ತೆರಡು ಸ್ಟಾಕ್ ಇರ್ಲಿಲ್ಲ ಸಾರ್. ನೀವು ಅರ್ಜೆಂಟ್ ಅಂದ್ರಿ. ಒಂದ್ ವರ್ಷ ಬಂತಲ್ಲ?"